ನ್ಯಾಶ್‌ವಿಲ್, 1960: ಲಂಚ್ ಕೌಂಟರ್ ಮುಂದೆ ಕೂತ ವಿದ್ಯಾರ್ಥಿಗಳು

1960ರ ಫೆಬ್ರವರಿ 13, ಶನಿವಾರ. ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ಊರಲ್ಲಿ ಹಿಮ ಚೆನ್ನಾಗಿ ಬಿದ್ದಿತ್ತು. ಆ ಹಿಮದಲ್ಲೇ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನಿಂದ 124 ವಿದ್ಯಾರ್ಥಿಗಳು ನಡೆದು ಹೊರಟರು. ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನರ ಮಕ್ಕಳು. ಹುಡುಗರು ಕೋಟು, ಟೈ ಹಾಕಿಕೊಂಡಿದ್ದರು. ಹುಡುಗಿಯರು ಭಾನುವಾರ ಚರ್ಚಿಗೆ ಹೋಗುವ ಬಟ್ಟೆ ಉಟ್ಟಿದ್ದರು. ಹಲವರ ಕಂಕುಳಲ್ಲಿ ಕಾಲೇಜಿನ ಪುಸ್ತಕಗಳಿದ್ದವು.

ಅವರು ಹೋದದ್ದು ಫಿಫ್ತ್ ಅವೆನ್ಯೂದಲ್ಲಿದ್ದ ವೂಲ್‌ವರ್ತ್, ಕ್ರೆಸ್, ಮೆಕ್‌ಲೆಲನ್ ಎಂಬ ಮೂರು ಅಂಗಡಿಗಳಿಗೆ. ಮೊದಲು ಏನೋ ಸಣ್ಣಪುಟ್ಟ ಸಾಮಾನು ಕೊಂಡರು. ಅಂಗಡಿಯವರು ದುಡ್ಡು ತಗೊಂಡರು. ಆಮೇಲೆ ಅದೇ ಅಂಗಡಿಯ ಲಂಚ್ ಕೌಂಟರಿಗೆ ಹೋಗಿ ಸ್ಟೂಲುಗಳ ಮೇಲೆ ಕೂತರು. ತಿನ್ನೋಕೆ ಕೊಡುವುದಿಲ್ಲ ಎಂದರು. ಕೌಂಟರನ್ನೇ ಮುಚ್ಚಿದರು. ಇವರು ಪುಸ್ತಕ ತೆಗೆದು ಓದುತ್ತಾ ಸುಮ್ನೆ ಕೂತರು. ಒಂದೆರಡು ಗಂಟೆ ಆದ ಮೇಲೆ ಎದ್ದು, ಬಂದ ಹಾಗೇ ಚರ್ಚಿಗೆ ವಾಪಸ್ ನಡೆದರು.

ಲಂಚ್ ಕೌಂಟರ್ ಅಂದರೆ ದೊಡ್ಡ ಅಂಗಡಿಯ ಒಂದು ಬದಿಗೆ ಉದ್ದಕ್ಕೆ ಹಾಕಿದ ಕಟ್ಟೆ. ಅದರ ಮುಂದೆ ನೆಲಕ್ಕೆ ಬಿಗಿದ ಸ್ಟೂಲುಗಳು. ಸಾಮಾನು ಕೊಂಡವರು ಕೂತು ಒಂದು ಕಪ್ ಕಾಫಿ ಕುಡಿದು, ಒಂದು ಸ್ಯಾಂಡ್‌ವಿಚ್ ತಿಂದು ಹೋಗೋ ಜಾಗ. ಅಂಗಡಿಯಲ್ಲಿ ಕಪ್ಪು ಜನರ ದುಡ್ಡು ನಡೆಯುತ್ತಿತ್ತು. ಆ ಸ್ಟೂಲಿನ ಮೇಲೆ ಮಾತ್ರ ಅವರು ಕೂರುವ ಹಾಗಿರಲಿಲ್ಲ. ನಮ್ಮ ಹಳ್ಳಿ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟದ್ದನ್ನು ಕಂಡವರಿಗೆ ಒಂದು ಕಪ್ ಕಾಫಿಗೆ ಯಾಕೆ ಇಷ್ಟೆಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟ ಅಂದ ಕೂಡಲೇ ನಮಗೆ ನೆನಪಾಗೋದು ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಭಾಷಣ. ಕೌಂಟರ್ ಮುಂದೆ ಕೂರುವ ಚಳವಳಿ ಅಂದರೆ ಅದೇ ಫೆಬ್ರವರಿ 1ರಂದು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ಕೂತ ನಾಲ್ವರು ಹುಡುಗರು ನೆನಪಾಗುತ್ತಾರೆ. ಕಿಡಿ ಹತ್ತಿದ್ದು ಅಲ್ಲೇ, ನಿಜ. ಆದರೆ ನಾನು ನ್ಯಾಶ್‌ವಿಲ್ ಆರಿಸಿಕೊಂಡಿದ್ದೇನೆ. ಯಾಕಂದ್ರೆ ಅಲ್ಲಿನವರು ಕಿಡಿ ಹತ್ತುವ ಮೊದಲೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು. ಅಹಿಂಸೆಯನ್ನು ಸಂಗೀತ ಕಲಿತ ಹಾಗೆ, ಈಜು ಕಲಿತ ಹಾಗೆ ಕೂತು ಕಲಿತಿದ್ದರು. ಆ ಕಲಿಕೆಯೇ ಈ ಪ್ರಕರಣದ ಜೀವ ಎಂದು ನಾನು ನಂಬಿದ್ದೇನೆ.

ನಾಗಪುರದಿಂದ ಬಂದ ಮೇಷ್ಟ್ರು

ಕಲಿಸಿದವರು ಜೇಮ್ಸ್ ಲಾಸನ್. 1928ರಲ್ಲಿ ಹುಟ್ಟಿ ಓಹಾಯೋದಲ್ಲಿ ಬೆಳೆದವರು. ಚಿಕ್ಕವರಿದ್ದಾಗ ಕಾರಿನಲ್ಲಿ ಕೂತಿದ್ದ ಒಂದು ಬಿಳಿ ಮಗು ಅವರನ್ನು ಜಾತಿಬೈಗುಳದಂಥ ಮಾತಿನಿಂದ ಬೈಯ್ದಿತು. ಲಾಸನ್ ಅದರ ಕೆನ್ನೆಗೆ ಹೊಡೆದು ಮನೆಗೆ ಬಂದು ಅಮ್ಮನಿಗೆ ಹೇಳಿದರು. ಅಡುಗೆಮನೆಯಲ್ಲಿದ್ದ ಅಮ್ಮ ಬೈಯಲಿಲ್ಲ. “ಜಿಮ್ಮಿ, ಅದರಿಂದ ಏನು ಉಪಯೋಗ ಆಯ್ತು?” ಎಂದಷ್ಟೇ ಕೇಳಿದರು. ಆ ಪ್ರಶ್ನೆ ತಮ್ಮ ಬದುಕನ್ನೇ ತಿರುಗಿಸಿತು ಎಂದು ಲಾಸನ್ ಮುದುಕರಾಗುವವರೆಗೂ ಹೇಳುತ್ತಿದ್ದರು.

ಕೊರಿಯಾ ಯುದ್ಧದ ಸಮಯದಲ್ಲಿ ಸೈನ್ಯಕ್ಕೆ ಸೇರೋದಿಲ್ಲ ಎಂದು ಒಂದು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದರು. ಬಿಡುಗಡೆಯಾದ ಮೇಲೆ ಮೆಥೊಡಿಸ್ಟ್ ಚರ್ಚಿನ ಮೂಲಕ ಭಾರತಕ್ಕೆ ಬಂದರು. 1953ರಿಂದ 1956ರವರೆಗೆ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದರು. ಹುಡುಗರಿಗೆ ಆಟ ಕಲಿಸಿದರು, ಗಾಂಧಿಯವರನ್ನು ಓದಿದರು, ಗಾಂಧಿಯವರ ಜೊತೆ ಕೆಲಸ ಮಾಡಿದವರನ್ನು ಭೇಟಿಯಾದರು. ಅಲಬಾಮಾದ ಮಾಂಟ್‌ಗಮರಿಯಲ್ಲಿ ಕಪ್ಪು ಜನ ಬಸ್ಸುಗಳನ್ನು ಬಹಿಷ್ಕರಿಸಿದ್ದಾರೆ ಎಂಬ ಸುದ್ದಿಯನ್ನು ಅವರು ಓದಿದ್ದು ನಾಗಪುರದ ಪೇಪರಿನಲ್ಲೇ. ಖುಷಿ ತಡೆಯಲಾರದೆ ಕೂಗಿ ಕುಣಿದರಂತೆ.

ಊರಿಗೆ ಮರಳಿದ ಮೇಲೆ, 1957ರ ಫೆಬ್ರವರಿಯಲ್ಲಿ, ಅವರಿಗೆ ಕಿಂಗ್ ಸಿಕ್ಕರು. ಇಬ್ಬರಿಗೂ ಆಗ 28 ವರ್ಷ. ಓದು ಮುಗಿಸಿ ದಕ್ಷಿಣಕ್ಕೆ ಬರುತ್ತೇನೆ ಎಂದರು ಲಾಸನ್. ಕಾಯಬೇಡಿ, ಈಗಲೇ ಬನ್ನಿ, ನಿಮ್ಮಂಥವರು ನಮ್ಮಲ್ಲಿ ಇಲ್ಲ ಎಂದರು ಕಿಂಗ್. 1958ರ ಆರಂಭದಲ್ಲಿ ಲಾಸನ್ ನ್ಯಾಶ್‌ವಿಲ್‌ಗೆ ಬಂದರು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದಲು ಸೇರಿಕೊಂಡರು. ಅದೇ ವರ್ಷ ಊರಿನ ಪಾದ್ರಿ ಕೆಲ್ಲಿ ಮಿಲ್ಲರ್ ಸ್ಮಿತ್ ಕಟ್ಟಿದ್ದ ಸಂಘಟನೆಯ ಜೊತೆ ಸೇರಿ ಅಹಿಂಸೆಯ ತರಬೇತಿ ಶುರು ಮಾಡಿದರು.

ಮಂಗಳವಾರದ ಸಂಜೆಗಳು

1959ರ ಶರತ್ಕಾಲದಲ್ಲಿ ಈ ತರಬೇತಿ ಫಿಸ್ಕ್ ವಿಶ್ವವಿದ್ಯಾಲಯದ ಹತ್ತಿರದ ಕ್ಲಾರ್ಕ್ ಮೆಮೋರಿಯಲ್ ಚರ್ಚಿನಲ್ಲಿ ಮಂಗಳವಾರ ಸಂಜೆ ನಡೆಯುತ್ತಿತ್ತು. ಮೊದಮೊದಲು ಬಂದವರು ಬೆರಳೆಣಿಕೆಯ ಜನ. ಆ ಗುಂಪಿನಿಂದ ಎದ್ದು ಬಂದ ಹೆಸರುಗಳನ್ನು ಈಗ ಓದಿದರೆ ಆಶ್ಚರ್ಯ ಆಗುತ್ತೆ: ಡಯಾನ್ ನ್ಯಾಶ್, ಜಾನ್ ಲೂಯಿಸ್, ಬರ್ನಾರ್ಡ್ ಲಫಯೆಟ್, ಜೇಮ್ಸ್ ಬೆವೆಲ್, ಮ್ಯಾರಿಯನ್ ಬ್ಯಾರಿ. ಮುಂದೆ ನಾಗರಿಕ ಹಕ್ಕುಗಳ ಹೋರಾಟದಲ್ಲಿ ದೊಡ್ಡ ಹೆಸರಾದ ಇವರೆಲ್ಲ ಆಗ ವಿದ್ಯಾರ್ಥಿಗಳು.

ಅಲ್ಲಿ ನಡೆಯುತ್ತಿದ್ದದ್ದು ಬರೀ ಪ್ರವಚನ ಅಲ್ಲ. ಕುರ್ಚಿಗಳನ್ನು ಸಾಲಾಗಿ ಇಟ್ಟು ಅದನ್ನೇ ಕೌಂಟರ್ ಅಂದುಕೊಳ್ಳುತ್ತಿದ್ದರು. ಕೆಲವರು ಅದರಲ್ಲಿ ಕೂರುತ್ತಿದ್ದರು. ಉಳಿದವರು ಬಿಳಿ ಪುಂಡರ ಪಾತ್ರ ಮಾಡುತ್ತಿದ್ದರು. ಕೆಟ್ಟಾಕೊಳಕು ಬೈಯೋದು, ಮುಖಕ್ಕೆ ಸಿಗರೇಟಿನ ಹೊಗೆ ಬಿಡೋದು, ತಳ್ಳೋದು, ಕುರ್ಚಿಯನ್ನೇ ಎಳೆದು ಕೆಡವೋದು. ಬಿದ್ದವರು ತಲೆ ಹೇಗೆ ಕಾಪಾಡಿಕೊಳ್ಳಬೇಕು, ಹೊಡೆಯುವವನ ಕಣ್ಣನ್ನು ಹೇಗೆ ನೋಡಬೇಕು, ಒಬ್ಬನನ್ನೇ ಗುರಿ ಮಾಡಿ ಹೊಡೆಯುತ್ತಿದ್ದರೆ ಉಳಿದವರು ಹೇಗೆ ನಡುವೆ ಹೋಗಿ ಏಟು ಹಂಚಿಕೊಳ್ಳಬೇಕು, ಎಲ್ಲವನ್ನೂ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಹೊಡೆದರೆ ತಡೆದುಕೊಳ್ಳಲಾರೆ ಅನ್ನಿಸಿದವರಿಗೆ ಸ್ಟೂಲ್ ಇಲ್ಲ, ಬೇರೆ ಕೆಲಸ ಇತ್ತು. ಇದು ನನಗೆ ತುಂಬ ಹಿಡಿಸಿದ ಮಾತು. ಎಲ್ಲರೂ ಏಟು ತಿನ್ನಲೇಬೇಕು ಎಂದು ಅಲ್ಲಿ ಯಾರೂ ಹೇಳಲಿಲ್ಲ.

ಲಂಚ್ ಕೌಂಟರನ್ನೇ ಯಾಕೆ ಆರಿಸಿಕೊಂಡರು? ಅದನ್ನು ತೋರಿಸಿಕೊಟ್ಟವರು ಆ ಊರಿನ ತಾಯಂದಿರು. ಶಾಲೆ, ಕೆಲಸ, ಮನೆ ಎಂದು ದೂರುಗಳು ಬೇಕಾದಷ್ಟು ಇದ್ದವು. ಆದರೆ ಪೇಟೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಹೆಂಗಸರು ದಿನನಿತ್ಯದ ಕಷ್ಟ ಹೇಳಿಕೊಂಡರು. ಇಡೀ ದಿನ ಅಂಗಡಿ ಸುತ್ತಬೇಕು, ದುಡ್ಡು ಕೊಡಬೇಕು. ಕಾಲು ನೋವು ಬಂದರೆ ಕೂರೋಕೆ ಜಾಗ ಇಲ್ಲ. ಮಗು ಹಸಿದು ಅತ್ತರೆ ತಿನ್ನಿಸೋಕೆ ಜಾಗ ಇಲ್ಲ. ನಮಗ್ಯಾಕೆ ಅಲ್ಲಿ ಕೊಡೋಲ್ಲ ಅಂತ ಮಗು ಕೇಳಿದರೆ ಏನು ಹೇಳಬೇಕು? ಲಾಸನ್ ಇದನ್ನು ಕಿವಿಗೊಟ್ಟು ಕೇಳಿದರು. ಒಳ್ಳೆಯ ನಾಯಕತ್ವ ಅಂದರೆ ನನಗೆ ಇದೇ. ಗುರಿಯನ್ನು ಮೇಷ್ಟ್ರು ಹೇರಲಿಲ್ಲ, ನೋವು ಉಂಡವರು ತೋರಿಸಿದರು.

1959ರ ನವೆಂಬರ್ 28ರಂದು ಹಾರ್ವೀಸ್ ಅಂಗಡಿಯಲ್ಲಿ, ಡಿಸೆಂಬರ್ 5ರಂದು ಕೇನ್-ಸ್ಲೋನ್ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿದರು. ಕೂತರು, ಕೇಳಿದರು, ಇಲ್ಲ ಎಂದ ಮೇಲೆ ಮರ್ಯಾದೆಯಿಂದ ಮಾತಾಡಿ ಎದ್ದು ಬಂದರು. ಅಂಗಡಿಯವರ ನೀತಿ ಏನು ಎಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊಂಡರು. ಕ್ರಿಸ್‌ಮಸ್ ರಜೆ ಮುಗಿಸಿ ಮುಂದಿನ ಹೆಜ್ಜೆ ಇಡೋಣ ಎನ್ನುವಷ್ಟರಲ್ಲಿ ಗ್ರೀನ್ಸ್‌ಬರೋ ಸುದ್ದಿ ಬಂತು.

ಭಯದ ಲೆಕ್ಕ

ಡಯಾನ್ ನ್ಯಾಶ್ ಅವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಶಿಕಾಗೋ ಹುಡುಗಿ, ಫಿಸ್ಕ್‌ನಲ್ಲಿ ಓದುತ್ತಿದ್ದರು, ಆಗ 21 ವರ್ಷ. ಟೆನೆಸ್ಸೀಯ ಒಂದು ಜಾತ್ರೆಗೆ ಹೋದಾಗ ಶೌಚಾಲಯದ ಮೇಲೆ ಕಪ್ಪು ಹೆಂಗಸರಿಗೆ ಎಂಬ ಬೋರ್ಡ್ ನೋಡಿ ಅವಮಾನದಿಂದ ಕುದಿದರು. ಲಾಸನ್ ಅವರ ತರಬೇತಿಗೆ ಬಂದಾಗ ಇದು ಕೆಲಸ ಮಾಡುತ್ತೆ ಎಂಬ ನಂಬಿಕೆ ಅವರಿಗೆ ಇರಲೇ ಇಲ್ಲ. ಊರಲ್ಲಿ ಬೇರೆ ಯಾರೂ ಏನೂ ಮಾಡುತ್ತಿಲ್ಲವಲ್ಲ ಎಂದು ಬರುತ್ತಾ ಹೋದರು.

ಆಮೇಲೆ ವಿದ್ಯಾರ್ಥಿಗಳು ಇವರನ್ನೇ ಅಧ್ಯಕ್ಷೆ ಮಾಡಿದರು. ಪೇಪರಿನಲ್ಲಿ ಫೋಟೋ ಬಂತು. ಒಂದು ದಿನ ಕೌಂಟರಿನ ಹತ್ತಿರ ಇದ್ದಾಗ ಪುಂಡರ ಗುಂಪಿನಲ್ಲೊಬ್ಬ ಇವಳೇ ಡಯಾನ್ ನ್ಯಾಶ್, ಇವಳನ್ನು ಹಿಡೀಬೇಕು ಎಂದದ್ದು ಕಿವಿಗೆ ಬಿತ್ತು. ಕೈಕಾಲು ತಣ್ಣಗಾದವು. ಆಗ ಅವರು ತಮಗೆ ತಾವೇ ಕೆಲವು ನಿಮಿಷ ಗಡುವು ಕೊಟ್ಟುಕೊಂಡರು. ಇಷ್ಟರಲ್ಲಿ ಭಯ ಪಕ್ಕಕ್ಕಿಟ್ಟು ಕೆಲಸ ಮಾಡಬೇಕು, ಆಗದಿದ್ದರೆ ಜವಾಬ್ದಾರಿ ಬಿಟ್ಟು ಹೋಗಬೇಕು. ಗಡುವು ಮುಗಿಯುವಷ್ಟರಲ್ಲಿ ಕೆಲಸಕ್ಕೆ ಮರಳಿದರು. ಭಯ ಆಗಲಿಲ್ಲ ಎಂದು ಅವರು ಯಾವತ್ತೂ ಹೇಳಿಕೊಂಡಿಲ್ಲ.

ಭಯ ಹಿರಿಯರಿಗೂ ಇತ್ತು. ಫೆಬ್ರವರಿ 13ಕ್ಕೆ ಮೊದಲು ನಡೆದ ಸಭೆಯಲ್ಲಿ ಕೆಲವು ಪಾದ್ರಿಗಳು ಸ್ವಲ್ಪ ತಡೆಯಿರಿ ಎಂದರು. ಸಂಘಟನೆಯ ಪೆಟ್ಟಿಗೆಯಲ್ಲಿ ನೂರು ಡಾಲರ್ ಕೂಡ ಇರಲಿಲ್ಲ. ಇಷ್ಟು ಜನರನ್ನು ಒಟ್ಟಿಗೆ ಹಿಡಿದರೆ ಜಾಮೀನಿಗೆ ಎಲ್ಲಿಂದ ತರೋದು? ಹುಡುಗರು ಕಾಯೋಕೆ ಒಪ್ಪಲಿಲ್ಲ. ದುಡ್ಡು ಕೂಡೋವರೆಗೆ ಕಾದಿದ್ದರೆ ಇನ್ನೂ ಕಾಯುತ್ತಲೇ ಇರಬೇಕಿತ್ತು ಅನ್ನಿಸುತ್ತೆ ನನಗೆ.

ನಾಯಕತ್ವದ ವಿಚಾರದಲ್ಲೂ ಅವರು ಜಾಣತನ ಮಾಡಿದ್ದರು. ನಾಲ್ಕು ಕಪ್ಪು ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಒಂದು ಕೇಂದ್ರ ಸಮಿತಿ ಮಾಡಿಕೊಂಡಿದ್ದರು. ಮುಂದಾಳು ಬದಲಾಗುತ್ತಾ ಇರುತ್ತಿದ್ದರು. ಪ್ರತಿ ಗುಂಪಿಗೂ ಒಬ್ಬ ಮುಂದಾಳು. ಒಬ್ಬರನ್ನು ಪೊಲೀಸರು ಎತ್ತಿಕೊಂಡು ಹೋದರೆ ಇನ್ನೊಬ್ಬರು ಸಿದ್ಧ.

ಫೆಬ್ರವರಿ 27

ಮೊದಲ ಮೂರು ಸಲ, 13, 18, 20ರಂದು, ದೊಡ್ಡ ಗಲಾಟೆ ಏನೂ ಆಗಲಿಲ್ಲ. ಕೂರುವವರ ಸಂಖ್ಯೆ ಮುನ್ನೂರು ದಾಟಿತು. ವ್ಯಾಪಾರಿಗಳ ತಾಳ್ಮೆ ಕೆಟ್ಟಿತು. 27ರ ಶನಿವಾರ ಹೊಡೆತ ಬೀಳುತ್ತೆ, ಬಂಧನ ಆಗುತ್ತೆ ಎಂಬ ಸುದ್ದಿ ಮೊದಲೇ ಬಂತು.

ಜಾನ್ ಲೂಯಿಸ್ ಮತ್ತು ಲಫಯೆಟ್ ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದು ಪ್ರತಿ ತೆಗೆಸಿ ಹಂಚಿದರು. ಬೈದರೂ ತಿರುಗಿ ಬೈಯಬೇಡಿ, ಹೊಡೆದರೂ ಹೊಡೆಯಬೇಡಿ. ಜೋರಾಗಿ ನಗಬೇಡಿ. ಮುಂದಾಳು ಹೇಳುವವರೆಗೆ ಜಾಗ ಬಿಟ್ಟು ಏಳಬೇಡಿ. ಅಂಗಡಿಯ ಬಾಗಿಲಿಗೆ, ಓಡಾಡೋ ದಾರಿಗೆ ಅಡ್ಡ ನಿಲ್ಲಬೇಡಿ. ನೆಟ್ಟಗೆ ಕೂತು ಕೌಂಟರ್ ಕಡೆಗೇ ಮುಖ ಮಾಡಿ. ಎಲ್ಲರ ಜೊತೆ ಸ್ನೇಹದಿಂದ, ಮರ್ಯಾದೆಯಿಂದ ನಡೆದುಕೊಳ್ಳಿ. ಕೊನೆಗೆ ಯೇಸು, ಗಾಂಧಿ, ಕಿಂಗ್ ಮೂವರ ಪಾಠ ನೆನಪಿರಲಿ ಎಂದಿತ್ತು. ನಗಬೇಡಿ ಎಂಬ ಒಂದು ಸಾಲನ್ನು ಗಮನಿಸಿ. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರು ಹೆದರಿದಾಗ ನಗು ಬಂದುಬಿಡುತ್ತೆ, ಅಲ್ವಾ? ಎದುರಿಗೆ ಇರೋನಿಗೆ ಅದು ಗೇಲಿ ಥರ ಕಾಣುತ್ತೆ. ಮಂಗಳವಾರಗಳಲ್ಲಿ ಕುರ್ಚಿಯಿಂದ ಬಿದ್ದು ಎದ್ದವರಿಗೆ ಮಾತ್ರ ಹೊಳೆಯುವ ನಿಯಮ ಅದು.

ಆ ದಿನ ಅಂಗಡಿಗಳಲ್ಲಿ ಬಿಳಿ ಯುವಕರ ಗುಂಪು ಕಾದಿತ್ತು. ಸ್ಟೂಲುಗಳಿಂದ ಎಳೆದು ಕೆಡವಿದರು, ಗುದ್ದಿದರು, ಮೈಮೇಲೆ ಸಿಗರೇಟು ಒತ್ತಿ ಆರಿಸಿದರು. ವಿದ್ಯಾರ್ಥಿಗಳ ಜೊತೆ ಕೂತಿದ್ದ ಒಬ್ಬ ಬಿಳಿ ಹುಡುಗನನ್ನೂ ಬಿಡಲಿಲ್ಲ. ಪೊಲೀಸರು ಬಂದು ಹೊಡೆದವರನ್ನು ಬಿಟ್ಟು ಏಟು ತಿಂದವರನ್ನು ಹಿಡಿದರು. ಒಂದು ಸಾಲನ್ನು ಎಬ್ಬಿಸಿಕೊಂಡು ಹೋಗುತ್ತಿದ್ದ ಹಾಗೆ ಇನ್ನೊಂದು ಸಾಲು ಬಂದು ಅದೇ ಸ್ಟೂಲುಗಳ ಮೇಲೆ ಕೂತಿತು. ಅದನ್ನೂ ಹಿಡಿದರು. ಮತ್ತೊಂದು ಬಂತು. ಅವತ್ತು ಬಂಧನವಾದವರು 81 ಜನ. ಜಾನ್ ಲೂಯಿಸ್ ಜೀವನದಲ್ಲಿ ಮೊದಲ ಸಲ ಬಂಧನಕ್ಕೆ ಒಳಗಾದದ್ದು ಅವತ್ತೇ. ಪೊಲೀಸರ ಜೊತೆ ಹೋಗುವಾಗ ತಾನು ಸ್ವತಂತ್ರನಾದೆ ಅನ್ನಿಸಿತು ಎಂದು ಅವರು ಆಮೇಲೆ ಹೇಳಿದ್ದಾರೆ.

ಲಾಸನ್ ಅವರದ್ದೇ ಒಂದು ಪ್ರಸಂಗ ಇದೆ. ಒಬ್ಬ ಹುಡುಗನಿಗೆ ಪುಂಡರು ಹೊಡೆಯುತ್ತಿದ್ದರು. ಲಾಸನ್ ಅತ್ತ ನಡೆದರು. ಚರ್ಮದ ಜಾಕೆಟ್ ಹಾಕಿದ್ದ ಒಬ್ಬ ಅವರ ಮುಖಕ್ಕೆ ಉಗಿದ. ಲಾಸನ್ ಅವನನ್ನೇ ನೋಡಿ, ಕರ್ಚೀಫ್ ಇದೆಯಾ ಎಂದು ಕೇಳಿದರು. ಅವನು ತಬ್ಬಿಬ್ಬಾಗಿ ಜೇಬಿಗೆ ಕೈ ಹಾಕಿ ಕೊಟ್ಟೇಬಿಟ್ಟ. ಲಾಸನ್ ಮುಖ ಒರೆಸಿಕೊಂಡು ವಾಪಸ್ ಕೊಟ್ಟರು. ನಿನ್ನದು ಮೋಟಾರ್ ಸೈಕಲ್ಲಾ ಎಂದು ಮಾತಿಗಿಳಿದರು. ಹೌದು ಎಂದ. ಅದಕ್ಕೆ ಏನೇನು ಮಾಡಿಸಿದ್ದಾನೆ ಎಂದು ವಿವರಿಸತೊಡಗಿದ. ಅಷ್ಟರಲ್ಲಿ ಏಟು ತಿನ್ನುತ್ತಿದ್ದ ಹುಡುಗ ಎದ್ದು ಪಾರಾಗಿದ್ದ. ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಉಗಿದವನನ್ನು ಒಂದು ಕ್ಷಣವೂ ಪುಂಡ ಎಂದು ನೋಡದೆ, ಬೈಕ್ ಇಷ್ಟಪಡೋ ಒಬ್ಬ ಹುಡುಗ ಎಂದು ನೋಡಿದ್ದಕ್ಕೆ ಅದು ಸಾಧ್ಯವಾಯಿತು.

ಕೋರ್ಟು, ಕಾಲೇಜು, ಪೇಟೆ

ಜಾಮೀನು ನೂರು ಡಾಲರ್ ಎಂದರು. ಯಾರೂ ಕಟ್ಟಲಿಲ್ಲ. ಐದು ಡಾಲರಿಗೆ ಇಳಿಸಿದರು. ಆಗಲೂ ಇಲ್ಲ. ರಾತ್ರಿ ಸುಮ್ನೆ ಬಿಟ್ಟು ಕಳಿಸಬೇಕಾಯಿತು. ಫೆಬ್ರವರಿ 29ರಂದು ವಿಚಾರಣೆ ಶುರುವಾಯಿತು. ಇವರ ಪರ ಜ಼ೆಡ್ ಅಲೆಕ್ಸಾಂಡರ್ ಲೂಬಿ ನಿಂತರು. ನಗರಸಭೆಯ ಸದಸ್ಯರೂ ಆಗಿದ್ದ ಹಿರಿಯ ಕಪ್ಪು ವಕೀಲರು. ಅವರು ವಾದ ಮಾಡುತ್ತಿದ್ದಾಗ ನ್ಯಾಯಾಧೀಶರು ಬೆನ್ನು ತಿರುಗಿಸಿ ಕೂತರು ಎಂದು ಅಲ್ಲಿದ್ದವರು ಹೇಳಿದ್ದಾರೆ. ತಲಾ 50 ಡಾಲರ್ ದಂಡ ಬಿತ್ತು. ದಂಡ ಕಟ್ಟಿದರೆ ಈ ಅನ್ಯಾಯಕ್ಕೆ ನಾವೇ ಕೈಜೋಡಿಸಿದ ಹಾಗೆ ಎಂದರು ಡಯಾನ್ ನ್ಯಾಶ್. ದಂಡದ ಬದಲು ಜೈಲು ಆರಿಸಿಕೊಂಡರು. ದೇಶದ ಪೇಪರುಗಳೆಲ್ಲ ಈ ಕಡೆ ತಿರುಗಿದವು. ಮೇಯರ್ ಬೆನ್ ವೆಸ್ಟ್ ಕೆಲವೇ ದಿನಗಳಲ್ಲಿ ಅವರನ್ನು ಬಿಡಿಸಿ, ಕಪ್ಪು ಬಿಳಿ ಎರಡೂ ಕಡೆಯವರಿದ್ದ ಒಂದು ಸಮಿತಿ ನೇಮಿಸಿದರು.

ಇದೇ ವಾರ, ಮಾರ್ಚ್ 3ರಂದು, ವ್ಯಾಂಡರ್‌ಬಿಲ್ಟ್ ಲಾಸನ್ ಅವರನ್ನು ಹೊರಹಾಕಿತು. ಡಿಗ್ರಿಗೆ ಕೆಲವೇ ತಿಂಗಳು ಬಾಕಿ ಇತ್ತು. ಪ್ರತಿಭಟಿಸಿ ಅಲ್ಲಿನ ಹಲವು ಅಧ್ಯಾಪಕರು ರಾಜೀನಾಮೆ ಕೊಟ್ಟರು. ಅದೇ ವಿಶ್ವವಿದ್ಯಾಲಯ 2006ರಲ್ಲಿ ಅವರನ್ನು ಗೌರವದಿಂದ ಪಾಠ ಮಾಡೋಕೆ ಕರೆಸಿಕೊಂಡಿತು.

ಸಮಿತಿ ಏಪ್ರಿಲ್‌ನಲ್ಲಿ ಒಂದು ರಾಜಿ ಸೂತ್ರ ತಂತು. ಕೌಂಟರಿನ ಒಂದು ಭಾಗ ಬಿಳಿಯರಿಗೆ ಮಾತ್ರ, ಇನ್ನೊಂದು ಎಲ್ಲರಿಗೂ. ವಿದ್ಯಾರ್ಥಿಗಳು ಒಪ್ಪಲಿಲ್ಲ. ಹಿರಿಯರು ಎಷ್ಟೋ ಸಲ ಇಂಥ ಅರ್ಧ ದಾರಿಯಲ್ಲಿ ನಿಂತುಬಿಡುತ್ತಾರೆ. ಈ ಹುಡುಗರು ನಿಲ್ಲಲಿಲ್ಲ. ಬೇರೆ ಸಾಲು ಅಂದರೆ ಮತ್ತೆ ಬೇರೆ ಸಾಲೇ ತಾನೇ?

ಅಷ್ಟು ಹೊತ್ತಿಗೆ ಇನ್ನೊಂದು ಅಸ್ತ್ರ ಕೆಲಸ ಮಾಡುತ್ತಿತ್ತು. ಈಸ್ಟರ್ ಹಬ್ಬಕ್ಕೆ ಹೊಸ ಬಟ್ಟೆ ಕೊಳ್ಳೋದು ಅಲ್ಲಿನ ರೂಢಿ. ಆ ವರ್ಷ ಈಸ್ಟರ್ ಏಪ್ರಿಲ್ 17ಕ್ಕೆ ಇತ್ತು. ಪೇಟೆಯಲ್ಲಿ ಏನೂ ಕೊಳ್ಳಬೇಡಿ ಎಂಬ ಮಾತು ಕಪ್ಪು ಜನರ ಮನೆಮನೆಗೆ ಹೋಯಿತು. ಚರ್ಚುಗಳಲ್ಲಿ ಹೇಳಿದರು, ಹೆಂಗಸರು ಒಬ್ಬರಿಗೊಬ್ಬರು ಫೋನ್ ಮಾಡಿದರು. ಗಲಾಟೆಗೆ ಹೆದರಿ ಬಿಳಿ ಗಿರಾಕಿಗಳೂ ಪೇಟೆಗೆ ಬರೋದು ಕಮ್ಮಿ ಮಾಡಿದರು. ಹಬ್ಬದ ವ್ಯಾಪಾರ ನೆಲ ಕಚ್ಚಿತು. ಕೌಂಟರ್ ಮುಂದೆ ಕೂತವರು ಕೆಲವು ನೂರು ಜನ. ಕೊಳ್ಳದೆ ಮನೆಯಲ್ಲಿ ಕೂತವರು ಸಾವಿರಾರು. ಈ ಎರಡನೆಯವರ ಹೆಸರು ಯಾವ ಫಲಕದಲ್ಲೂ ಇಲ್ಲ. ಅವರಿಲ್ಲದಿದ್ದರೆ ವ್ಯಾಪಾರಿಗಳು ಮಾತುಕತೆಗೆ ಬರುತ್ತಿರಲಿಲ್ಲ ಎಂಬುದು ನನ್ನ ತೀರ್ಮಾನ.

ಮೆಟ್ಟಿಲ ಮೇಲಿನ ಪ್ರಶ್ನೆ

ಏಪ್ರಿಲ್ 19ರ ಬೆಳಗಿನ ಜಾವ ಐದೂವರೆ. ಲೂಬಿ ಅವರ ಮನೆಗೆ ಯಾರೋ ಡೈನಮೈಟ್ ಎಸೆದರು. ಮನೆಯ ಮುಂಭಾಗ ಚಿಂದಿಯಾಯಿತು. ಎದುರಿನ ಮೆಹಾರಿ ವೈದ್ಯಕೀಯ ಕಾಲೇಜಿನ ನೂರನಲವತ್ತಕ್ಕೂ ಜಾಸ್ತಿ ಕಿಟಕಿ ಗಾಜು ಪುಡಿಯಾದವು. ಲೂಬಿ ದಂಪತಿ ಹಿಂದಿನ ಕೋಣೆಯಲ್ಲಿ ಮಲಗಿದ್ದರಿಂದ ಬದುಕಿದರು.

ಅವತ್ತೇ ಮಧ್ಯಾಹ್ನದ ಹೊತ್ತಿಗೆ ಮೂರರಿಂದ ನಾಲ್ಕು ಸಾವಿರ ಜನ ಜೆಫರ್ಸನ್ ಸ್ಟ್ರೀಟ್ ಹಿಡಿದು ನಗರಸಭೆಯ ಕಡೆಗೆ ನಡೆದರು. ಘೋಷಣೆ ಇಲ್ಲ, ಹಾಡಿಲ್ಲ. ಸಾವಿರಾರು ಹೆಜ್ಜೆಗಳ ಸದ್ದು ಮಾತ್ರ. ಬಾಂಬಿಗೆ ಸಿಟ್ಟು ಬಂದ ಅಷ್ಟು ದೊಡ್ಡ ಗುಂಪು ಒಂದು ಕಲ್ಲೂ ಎಸೆಯದೆ ಹೋದದ್ದು ತಾನಾಗೇ ಆದದ್ದಲ್ಲ. ಎರಡು ವರ್ಷದ ತರಬೇತಿ ಅವತ್ತು ಬೀದಿಯಲ್ಲಿ ನಡೆಯುತ್ತಿತ್ತು.

ಮೇಯರ್ ಮೆಟ್ಟಿಲ ಮೇಲೆ ಬಂದು ನಿಂತರು. ಪಾದ್ರಿ ಸಿ.ಟಿ. ವಿವಿಯನ್ ಖಾರವಾಗಿಯೇ ಮಾತಾಡಿದರು. ಮೇಯರಿಗೆ ಸಿಟ್ಟು ಬಂತು. ಕಪ್ಪು ಜನರಿಗೆ ತಾನು ಏನೇನು ಮಾಡಿದ್ದೇನೆ ಎಂದು ಪಟ್ಟಿ ಕೊಡತೊಡಗಿದರು. ಮಾತು ವಾದಕ್ಕೆ ತಿರುಗುತ್ತಿತ್ತು. ಆಗ ಡಯಾನ್ ನ್ಯಾಶ್ ಮುಂದೆ ಬಂದರು. ಮೇಯರ್ ಎಂಬುದನ್ನು ಪಕ್ಕಕ್ಕಿಟ್ಟು ಮನುಷ್ಯನ ಜೊತೆ ಮಾತಾಡಿದರು. ಬಣ್ಣ ಒಂದನ್ನೇ ನೋಡಿ ಒಬ್ಬರಿಗೆ ಭೇದ ಮಾಡೋದು ತಪ್ಪು ಎಂದು ನಿಮಗೆ ಅನ್ನಿಸುತ್ತಾ ಎಂದು ಕೇಳಿದರು. ಹೌದು, ತಪ್ಪು ಎಂದರು ವೆಸ್ಟ್. ಹಾಗಾದರೆ ಲಂಚ್ ಕೌಂಟರುಗಳನ್ನು ಎಲ್ಲರಿಗೂ ತೆರೆಯಬೇಕು ಅಂತೀರಾ? ಹೌದು ಎಂದರು. ಅದು ಅಂಗಡಿಯವರಿಗೆ ಬಿಟ್ಟದ್ದು ಎಂದು ಆಮೇಲೆ ಸೇರಿಸಿದರು. ಅಷ್ಟರಲ್ಲಿ ಜನ ಚಪ್ಪಾಳೆ ಹೊಡೆದಾಗಿತ್ತು. ಮರುದಿನದ ಪೇಪರಿನ ತಲೆಬರಹದಲ್ಲಿ ಆ ಹೌದು ಮಾತ್ರ ಇತ್ತು. ಅದು ರಾಜಕಾರಣಿ ಅಲ್ಲ, ಮನುಷ್ಯ ಉತ್ತರ ಕೊಡಬೇಕಾದ ಪ್ರಶ್ನೆಯಾಗಿತ್ತು ಎಂದು ವೆಸ್ಟ್ ಮುಂದೆ ಹೇಳಿದರು. ಆ ಮಾತಿಗೆ ನನಗೆ ಅವರ ಮೇಲೆ ಗೌರವ ಇದೆ.

ಆ ಮರುದಿನವೇ ಕಿಂಗ್ ಊರಿಗೆ ಬಂದು ಫಿಸ್ಕ್‌ನಲ್ಲಿ ಮಾತಾಡಿದರು. ಸ್ಫೂರ್ತಿ ಕೊಡೋಕೆ ಬಂದಿಲ್ಲ, ಪಡೆಯೋಕೆ ಬಂದಿದ್ದೇನೆ ಎಂದರು. ಮೇ 10ರಂದು ಪೇಟೆಯ ಆರು ಅಂಗಡಿಗಳು ಲಂಚ್ ಕೌಂಟರುಗಳನ್ನು ಎಲ್ಲರಿಗೂ ತೆರೆದವು. ಮೊದಲೇ ಮಾತಾಡಿಕೊಂಡ ಹಾಗೆ ಸಣ್ಣ ಸಣ್ಣ ಗುಂಪುಗಳಲ್ಲಿ ಬಂದು ಕೂತರು, ತಿಂದರು, ಹೋದರು. ಗಲಾಟೆ ಆಗಲಿಲ್ಲ.

ಊರಿನ ಪಾಲು, ಉಳಿದ ಕೆಲಸ

ಎಲ್ಲವೂ ತರಬೇತಿಯಿಂದಲೇ ಆಯಿತು ಎಂದರೆ ತಪ್ಪಾಗುತ್ತೆ. ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನರಿಗೆ ಓಟು ಇತ್ತು, ನಗರಸಭೆಯಲ್ಲಿ ದನಿ ಇತ್ತು, ಕಾಲೇಜುಗಳಿದ್ದವು. ಮೇಯರ್ ಕ್ರೂರಿ ಆಗಿರಲಿಲ್ಲ. ಮೂರು ವರ್ಷದ ಮೇಲೆ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಇದೇ ಅಹಿಂಸೆಗೆ ಪೊಲೀಸ್ ನಾಯಿ ಮತ್ತು ನೀರಿನ ಫಿರಂಗಿ ಎದುರಾದವು. ಅಲ್ಲಿ ಇನ್ನೂ ಜಾಸ್ತಿ ಬೆಲೆ ತೆರಬೇಕಾಯಿತು.

ಗೆದ್ದದ್ದೂ ಆರು ಅಂಗಡಿಗಳನ್ನು ಮಾತ್ರ. ಸಿನಿಮಾ ಮಂದಿರಗಳಿಗೆ, ಬೇರೆ ಹೋಟೆಲುಗಳಿಗೆ ಮತ್ತೆ ಮತ್ತೆ ಹೋಗಿ ನಿಲ್ಲಬೇಕಾಯಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರುವವರೆಗೂ ಆ ಊರಲ್ಲಿ ಅದು ನಡೆದೇ ಇತ್ತು. ಲೂಬಿ ಅವರ ಮನೆಗೆ ಬಾಂಬ್ ಎಸೆದವರಿಗೆ ಶಿಕ್ಷೆ ಆಗಲೇ ಇಲ್ಲ.

1961ರ ಮೇ 14ರಂದು ಅಲಬಾಮಾದ ಆನಿಸ್ಟನ್ ಹತ್ತಿರ ಸ್ವಾತಂತ್ರ್ಯ ಯಾತ್ರೆಯ, ಅಂದರೆ ಬಸ್ಸುಗಳಲ್ಲಿನ ಬಣ್ಣದ ಭೇದ ಮುರಿಯೋಕೆ ಕಪ್ಪು ಬಿಳಿ ಜನ ಒಟ್ಟಿಗೆ ಕೂತು ಹೊರಟಿದ್ದ ಪ್ರಯಾಣದ, ಬಸ್ಸನ್ನು ಗುಂಪೊಂದು ಸುಟ್ಟುಹಾಕಿತು. ಯಾತ್ರೆ ಹೊರಡಿಸಿದವರು ಅಲ್ಲಿಗೆ ನಿಲ್ಲಿಸಲು ತೀರ್ಮಾನಿಸಿದರು. ನ್ಯಾಶ್‌ವಿಲ್ ವಿದ್ಯಾರ್ಥಿಗಳು ನಾವು ಮುಂದುವರಿಸುತ್ತೇವೆ ಎಂದರು. ಕೆನಡಿ ಸರ್ಕಾರದ ಅಧಿಕಾರಿ ಜಾನ್ ಸೀಗೆಂಥಾಲರ್ ಡಯಾನ್ ನ್ಯಾಶ್ ಅವರಿಗೆ ಫೋನಿನಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿದರು: ಬೇಡ, ಯಾರಾದರೂ ಸಾಯುತ್ತಾರೆ. ಡಯಾನ್ ದನಿ ಏರಿಸಲಿಲ್ಲ. ಸರ್, ನಿಮಗೆ ಒಂದು ವಿಷಯ ಗೊತ್ತಿರಲಿ, ನಿನ್ನೆ ರಾತ್ರಿಯೇ ಎಲ್ಲರೂ ತಮ್ಮ ತಮ್ಮ ವಿಲ್ ಬರೆದು ಸಹಿ ಹಾಕಿದ್ದಾರೆ ಎಂದರು. ಮೇ 17ರ ಬೆಳಿಗ್ಗೆ ಬರ್ಮಿಂಗ್‌ಹ್ಯಾಮ್ ಬಸ್ ಹತ್ತಿದ ಹತ್ತು ಜನರಲ್ಲಿ ಜಾನ್ ಲೂಯಿಸ್ ಕೂಡ ಇದ್ದರು.